ನಲವತ್ತೊಂದೂ ಎಡಕ್ಕೇ

ಮಾರ್ಚ್ 3, ಸೋಮವಾರ

ಇಪ್ಪತ್ತೈದು ಹೊಡೆತ. ಬಿದ್ದದ್ದು ಒಂಬತ್ತು, ತಪ್ಪಿದ್ದು ಹದಿನಾರು. ತಪ್ಪಿದ್ದೆಲ್ಲ ಎಡಕ್ಕೆ.

ಹೊಡೆತ ಅಂದರೆ ಮಹಾ ಕಷ್ಟದ್ದೇನಲ್ಲ. ಪೂಲ್ ಮೇಜಿನ ಈ ತುದಿಯಲ್ಲಿ ಬಿಳಿ ಚೆಂಡು, ನಡುವೆ ಒಂದು ಬಣ್ಣದ ಚೆಂಡು, ಆ ತುದಿಯ ಮೂಲೆಯಲ್ಲಿ ಪಾಕೆಟ್. ಮೂರೂ ದಾರ ಎಳೆದ ಹಾಗೆ ಒಂದೇ ಗೆರೆಯಲ್ಲಿ. ಕೋನ ಲೆಕ್ಕ ಹಾಕುವ ರಗಳೆ ಇಲ್ಲ. ನೇರ ಹೊಡೆದರೆ ನೇರ ಹೋಗಬೇಕು, ಅಷ್ಟೇ. ಹತ್ತಿರದಿಂದ ಆದರೆ ಮೊನ್ನೆ ಸೇರಿದವರೂ ಹಾಕುತ್ತಾರೆ. ದೂರದಿಂದ ಹೊಡೆದಾಗ ಮಾತ್ರ ಇಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಅಲ್ಲಿ ನಾಲ್ಕು ಬೆರಳು ತಪ್ಪುತ್ತದೆ. ಶನಿವಾರ ಪಕ್ಕದ ಕ್ಲಬ್ಬಿನವರ ಮೇಲೆ ನಾವು ಸೋತದ್ದು ಇಂಥದ್ದೇ ಒಂದು ಹೊಡೆತದಿಂದ. ಹೊಡೆದವನು ನಾನು.

ಭಾವ ಏನೂ ಅನ್ನಲಿಲ್ಲ. ಅನುಮಾನ ಬಂದದ್ದು ಅಲ್ಲೇ. ಭಾವ ಅಂದರೆ ಅಕ್ಕನ ಗಂಡ, ಗಡಿಯಾರ ರಿಪೇರಿ ಅವರ ಕಸುಬು, ಹದಿನಾರು ವರ್ಷದಿಂದ ಜೋಡಿ ಆಟದಲ್ಲಿ ನನ್ನ ಜೋಡಿ. ಮೊದಲೆಲ್ಲ ಒಂದು ಹೊಡೆತ ತಪ್ಪಿದರೆ ಮನೆಯ ತನಕ ಬೈಯುತ್ತಾ ಬರುತ್ತಿದ್ದ ಮನುಷ್ಯ, ಈಗ "ಹೋಗ್ಲಿ ಬಿಡು" ಅಂದರು. ಇವತ್ತೂ ಬಲಗಡೆಯ ಬೆಂಚಿನ ಮೇಲೆ ಕೂತು ಹದಿನಾರು ತಪ್ಪು ನೋಡಿದರು, ಕಮಕ್ ಕಿಮಕ್ ಇಲ್ಲ. ಯಾಕೆ?

ಏಪ್ರಿಲ್ ಆರಕ್ಕೆ ಅದೇ ಕ್ಲಬ್ಬಿನವರ ಜೊತೆ ಕಪ್ ಪಂದ್ಯ. ಸೋತರೆ ಮುಂದಿನ ವರ್ಷ ನಮ್ಮ ಜೋಡಿಯನ್ನು ಒಡೆಯುತ್ತೇವೆ ಅಂತ ನಮ್ಮ ಕ್ಲಬ್ಬಿನ ಸೆಕ್ರೆಟರಿ ನಗುನಗುತ್ತಲೇ ಹೇಳಿದ್ದಾರೆ.

ಈ ಪುಸ್ತಕ ಆಫೀಸಿನ ಡ್ರಾಯರಿನಲ್ಲೇ ಇರಲಿ, ಹಿತ್ತಾಳೆ ತೂಕದ ಬಟ್ಟುಗಳ ಕೆಳಗೆ. ಮನೆಯಲ್ಲಿಟ್ಟರೆ ಇವಳು, ನನ್ನ ಹೆಂಡತಿ, ಓದುತ್ತಾಳೆ.

ಮಾರ್ಚ್ 5, ಬುಧವಾರ

ಊಟದ ಬಿಡುವಿನಲ್ಲಿ ಆಫೀಸಿನ ಮಟ್ಟಗೋಲು ತೆಗೆದುಕೊಂಡು ಕ್ಲಬ್ಬಿಗೆ ಹೋದೆ. ಮೇಜನ್ನು ಹನ್ನೊಂದು ಕಡೆ ನೋಡಿದೆ. ಗಾಜಿನೊಳಗಿನ ಗುಳ್ಳೆ ಎಲ್ಲ ಕಡೆಯೂ ನಟ್ಟನಡುವೆ ನಿಂತಿತು. ಚೆಂಡು ಹೊಡೆಯುವ ಕೋಲನ್ನು ಮೇಜಿನ ಮೇಲೆ ಉರುಳಿಸಿ ನೋಡಿದೆ, ಎಲ್ಲೂ ಕುಂಟಲಿಲ್ಲ. ಬಿಳಿ ಚೆಂಡನ್ನು ಆಫೀಸಿಗೆ ಒಯ್ದು ತೂಗಿದೆ. ತೂಕವೂ ಸರಿ.

ಮಾರ್ಕರು, ಅಂದರೆ ಚೆಂಡು ಜೋಡಿಸಿ ಅಂಕ ಬರೆಯುವ ಮುದುಕ, ಬಾಗಿಲಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದ. ಮೇಜಿಗೆ ಯಾವಾಗ ಸೀಲು ಹಾಕ್ತೀರಿ ಅಂತ ಕೇಳಿದ. ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರನಾದ ನನಗೆ ಈ ಜೋಕು ಇಪ್ಪತ್ತೆರಡು ವರ್ಷದಿಂದ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ನಗಲಿಲ್ಲ.

ಮೇಜು ಸರಿ, ಕೋಲು ಸರಿ, ಚೆಂಡು ಸರಿ. ಹಾಗಾದರೆ ತಪ್ಪು ಮನುಷ್ಯರದ್ದೇ. ಯಾವ ಮನುಷ್ಯರದ್ದು ಅನ್ನೋದಷ್ಟೇ ಬಾಕಿ.

ಮಾರ್ಚ್ 8, ಶನಿವಾರ

ಇವತ್ತು ಭಾವನ ಜೊತೆ ಜೋಡಿ ಅಭ್ಯಾಸ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ನಮ್ಮ ಜೋಡಿ ಆಟದಲ್ಲಿ ಒಂದು ಹೊಡೆತ ಅವರದ್ದು, ಮುಂದಿನದು ನನ್ನದು. ಅವರು ಚೆಂಡು ಹಾಕಿದ ಮೇಲೆ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ನಾನು ಹೊಡೆಯಬೇಕು. ಅಂದರೆ ನನ್ನ ಜುಟ್ಟು ಅವರ ಕೈಯಲ್ಲಿ. ಹದಿನಾರು ವರ್ಷ ಆ ಮನುಷ್ಯ ಬಿಳಿ ಚೆಂಡನ್ನು ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ ನನ್ನ ಮುಂದೆ ನಿಲ್ಲಿಸುತ್ತಿದ್ದರು. ಕೈಚಾಚಿದರೆ ಸಾಕು, ಬೀಳುತ್ತಿತ್ತು. ಇಡೀ ಊರಲ್ಲಿ ಅವರಷ್ಟು ನಯವಾದ ಕೈ ಇನ್ನೊಂದಿರಲಿಲ್ಲ.

ಇವತ್ತು ಆರು ಸಲ ಅಳೆದೆ. ಟೇಪು ಹಿಡಿದಲ್ಲ, ಕಣ್ಣಲ್ಲೇ. ನನ್ನ ಕಣ್ಣು ಟೇಪಿಗಿಂತ ಕಮ್ಮಿಯೇನಲ್ಲ. ಚೆಂಡು ನಿಲ್ಲಬೇಕಾದ ಜಾಗಕ್ಕಿಂತ ಮೂವತ್ತು ಸೆಂಟಿಮೀಟರು ಹಿಂದೆ. ನಲವತ್ತೈದು ಮುಂದೆ. ಹದಿನೈದು ಹಿಂದೆ. ಅರವತ್ತು ಮುಂದೆ. ಮೂವತ್ತೈದು ಹಿಂದೆ. ಐವತ್ತು ಹಿಂದೆ. ಪ್ರತಿ ಸಲವೂ ನನಗೆ ಉಳಿದದ್ದು ಅದೇ ಉದ್ದನೆಯ ನೇರ ಹೊಡೆತ. ಇಡೀ ಅಭ್ಯಾಸದಲ್ಲಿ ಏಳು ತಪ್ಪಿದೆ. ಏಳೂ ಎಡಕ್ಕೆ.

ನನಗೆ ಯಾವುದು ಬರುವುದಿಲ್ಲವೋ ಅದನ್ನೇ ಹುಡುಕಿ ಹುಡುಕಿ ಕೊಡುತ್ತಿದ್ದಾರೆ ಅಂದರೆ ಏನರ್ಥ? ಆಟ ಮುಗಿದ ಮೇಲೆ ಮಾರ್ಕರು ಚಹಾ ತಂದರೆ ಭಾವ ಬೇಡವೆಂದರು. ಚಹಾ ಇಲ್ಲದೆ ಒಂದು ಗಳಿಗೆ ಇರದವರು. ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಕೂತಿದ್ದರು. ನನ್ನ ಜೊತೆ ಕೂತು ಚಹಾ ಕುಡಿಯೋದೂ ಬೇಡವಾಯಿತು ಅನ್ನಿ.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ಕ್ಲಬ್ಬಿನಲ್ಲಿ ಒಬ್ಬನೇ. ಇಪ್ಪತ್ತೈದಕ್ಕೆ ಹತ್ತೊಂಬತ್ತು! ತಪ್ಪಿದ ಆರರಲ್ಲಿ ಮೂರು ಎಡಕ್ಕೆ, ಮೂರು ಬಲಕ್ಕೆ.

ಭಾವ ಇಲ್ಲದಿದ್ದರೆ ಬೀಳುತ್ತದೆ, ಇದ್ದರೆ ತಪ್ಪುತ್ತದೆ. ಇನ್ನೇನು ಸಾಕ್ಷಿ ಬೇಕು? ನಾನು ಹೊಡೆಯುವ ಹೊತ್ತಿಗೆ ಸರಿಯಾಗಿ ಆ ಬೆಂಚಿನ ಮೇಲೆ ಅವರು ಏನೋ ಮಾಡುತ್ತಾರೆ. ಕಾಲು ಅಲ್ಲಾಡಿಸುತ್ತಾರೋ, ಮುಖ ಸೊಟ್ಟ ಮಾಡುತ್ತಾರೋ. ಮುಂದಿನ ಸಲ ಹಿಡಿಯುತ್ತೇನೆ.

ಮಾರ್ಚ್ 12, ಬುಧವಾರ

ನನ್ನ ಕೈಗಡಿಯಾರ ಭಾವನ ಅಂಗಡಿ ಸೇರಿ ನಲವತ್ತು ದಿನವಾಯಿತು. ಅಪ್ಪನ ಗಡಿಯಾರ ಅದು. ಬರೀ ಒಳಗಿನ ಧೂಳು ಒರೆಸಿ ಕೊಡಬೇಕಿತ್ತು. ಅವರಿಗೆ ಅರ್ಧ ದಿನದ ಕೆಲಸ.

ಸಂಜೆ ನಾಲ್ಕಕ್ಕೆ ಅಂಗಡಿಗೆ ಹೋದರೆ ಅರ್ಧ ಬಾಗಿಲು ಎಳೆದಿತ್ತು. ಅಕ್ಕ ಕೂತಿದ್ದಳು. ಭಾವ ಹೊರಗೆ ಹೋಗಿದ್ದಾರಂತೆ. ಎಲ್ಲಿಗೆ ಅಂದರೆ, ಹೀಗೇ ಅಂದಳು. ಗಡಿಯಾರ ಕೇಳಿದ್ದಕ್ಕೆ ಇನ್ನೂ ಆಗಿಲ್ಲ ಅಂದಳು. ಅಷ್ಟರಲ್ಲಿ ಒಬ್ಬ ಹೆಂಗಸು ಚಿಕ್ಕ ವಾಚೊಂದನ್ನು ರಿಪೇರಿಗೆ ತಂದರೆ, ಈಗ ಬರೀ ಬ್ಯಾಟರಿ, ಪಟ್ಟಿ ಹಾಕೋದು ಮಾತ್ರ ಅಂತ ವಾಪಸ್ಸು ಕಳಿಸಿದಳು. ನಾನು ಅಲ್ಲೇ ನಿಂತಿದ್ದೇನೆ ಅನ್ನೋದು ಆಮೇಲೆ ನೆನಪಾಗಿ ಮುಖ ಆ ಕಡೆ ತಿರುಗಿಸಿದಳು.

ಮನೆಗೆ ಬಂದರೆ ಇವಳು ಫೋನಿನಲ್ಲಿ. ನನ್ನ ಚಪ್ಪಲಿಯ ಸದ್ದಿಗೆ ಮಾತು ನಿಂತಿತು. ಯಾರು ಅಂದೆ. ಅಕ್ಕ ಅಂದಳು. ಐದು ನಿಮಿಷದ ಹಿಂದೆ ನಾನು ನೋಡಿ ಬಂದ ಅಕ್ಕನ ಹತ್ತಿರ ಇವಳಿಗೆ ಏನು ಗುಟ್ಟಿನ ಮಾತು? ಕೇಳಿದೆ. "ಮನೇಲೂ ಇನ್‌ಸ್ಪೆಕ್ಟರೇನಾ ನೀವು?" ಅಂದು ಪಲ್ಯದ ಬಾಣಲೆ ದಡಕ್ಕನೆ ಒಲೆ ಮೇಲಿಟ್ಟಳು. ಎಲ್ಲರೂ ಸೇರಿ ಏನೋ ಮುಚ್ಚಿಡುತ್ತಿದ್ದಾರೆ. ಇದು ಖಂಡಿತ.

ಮಾರ್ಚ್ 13, ಗುರುವಾರ

ಹೊಸದಾಗಿ ಸೇರಿದ ಸಹಾಯಕಿಗೆ ತಕ್ಕಡಿ ಪರೀಕ್ಷೆ ಕಲಿಸಿದೆ. ಹಾರ್ಡ್‌ವೇರ್ ಅಂಗಡಿಯವನ ಮೊಳೆ ತೂಗುವ ತಕ್ಕಡಿ. ಒಂದು ಕಿಲೋ ಬಟ್ಟು ಇಟ್ಟರೆ ಒಮ್ಮೆ ಹತ್ತು ಗ್ರಾಂ ಹೆಚ್ಚು, ಒಮ್ಮೆ ಹನ್ನೆರಡು ಗ್ರಾಂ ಕಮ್ಮಿ. ಆಯಮ್ಮ ಆಗಲೇ ಕೇಸಿನ ಪುಸ್ತಕ ತೆರೆದಿದ್ದಳು.

ತಡಿ ಅಂದೆ. ತಕ್ಕಡಿ ಯಾವಾಗಲೂ ಒಂದೇ ಕಡೆಗೆ ತಪ್ಪಿದರೆ ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಕೇಸು ಹಾಕು. ಎರಡೂ ಕಡೆಗೆ ತಪ್ಪಿದರೆ ಒಳಗೆ ದಂಡ ಆತುಕೊಳ್ಳುವ ಅಲಗು ಸವೆದಿದೆ, ಪಾಪದ್ದು, ರಿಪೇರಿಗೆ ಬರಿ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಕಲಿತ ಹಾಗೆ ಅಂದೆ. ಹುಡುಗಿ ಚುರುಕು, ಬರೆದುಕೊಂಡಳು.

ಮಾರ್ಚ್ 15, ಶನಿವಾರ

ಗುಟ್ಟು ಬಯಲಾಯಿತು.

ಅಭ್ಯಾಸಕ್ಕೆ ಹೋದಾಗ ಭಾವ ನನಗಿಂತ ಮೊದಲೇ ಬಂದಿದ್ದರು. ಒಬ್ಬರೇ ಅಲ್ಲ. ಕೊನೆಯ ಮೇಜಿನ ಹತ್ತಿರ ಹಲ್ಲಿನ ಡಾಕ್ಟರಮ್ಮ, ಹೋದ ವರ್ಷವಷ್ಟೇ ಕ್ಲಬ್ಬಿಗೆ ಸೇರಿದವರು, ಆಟ ಮಾತ್ರ ಚೆನ್ನಾಗಿದೆ. ಆಕೆ ಭಾವನ ಮುಂಗೈ ಹಿಡಿದುಕೊಂಡು ಬೆರಳುಗಳನ್ನೇ ನೋಡುತ್ತಿದ್ದರು. ಕೋಲು ಹಿಡಿಯುವ ಪಾಠ! ಹದಿನಾರು ವರ್ಷದಲ್ಲಿ ನನಗೆ ಒಂದು ದಿನ ಹೇಳಿಕೊಡದ ಪಾಠ. ನನ್ನನ್ನು ಕಂಡಕೂಡಲೇ ಕೈ ಜೇಬಿಗೆ ಹೋಯಿತು. ಡಾಕ್ಟರಮ್ಮ, ತಡ ಮಾಡಬೇಡಿ, ಬೇಗ ನಿರ್ಧಾರ ಮಾಡಿ ಅಂತ ಅವರಿಗೆ ಹೇಳಿ ಹೋದರು. ನನ್ನ ಕಿವಿಯಾರೆ ಕೇಳಿದ್ದು.

ನಿರ್ಧಾರ ಏನು ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. ನನ್ನನ್ನು ಬಿಟ್ಟು ಆಕೆಯ ಜೊತೆ ಆಡುವುದು. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಅಕ್ಕನ ಮನೆ, ನಮ್ಮ ಮನೆ ಅಂತ ನಿಷ್ಠೂರ. ಅದಕ್ಕೇ ಉದ್ದನೆಯ ಹೊಡೆತ ಬಿಟ್ಟು, ನಾನು ತಪ್ಪಿಸಿ, ಸೋತು, ಸೆಕ್ರೆಟರಿಯೇ ಜೋಡಿ ಒಡೆಯಲಿ ಅಂತ. ಎಂಥ ಉಪಾಯ!

ಇವತ್ತು ಐದು ಸಲ ಅಳೆದೆ. ನಾನು ಒಟ್ಟು ಎಂಟು ತಪ್ಪಿದೆ, ಎಂಟೂ ಎಡಕ್ಕೆ. ಪ್ರತಿ ಹೊಡೆತಕ್ಕೂ ಭಾವನ ಮುಖ ನೋಡಿದೆ. ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದರು. ನಟನೆ.

ಅಕ್ಕನ ಮದುವೆಯಲ್ಲಿ ನನಗಿನ್ನೂ ಮೀಸೆ ಬಂದಿರಲಿಲ್ಲ. ನನ್ನ ಕೈಗೆ ಮೊದಲ ಸಲ ಕೋಲು ಕೊಟ್ಟವರು ಇವರೇ.

ಮಾರ್ಚ್ 16, ಭಾನುವಾರ

ಸೆಕ್ರೆಟರಿಗೆ ಕಾಗದ ಬರೆದೆ. ಎರಡು ಪುಟ. ಭಾವನ ಹೊಡೆತಗಳ ಪಟ್ಟಿ: ಸೋತ ಪಂದ್ಯದ ದಿನ ಕಣ್ಣಲ್ಲಿ ಉಳಿದ ಆರು, ಎಂಟನೇ ತಾರೀಖಿನ ಆರು, ನಿನ್ನೆಯ ಐದು, ಒಟ್ಟು ಹದಿನೇಳು. ಒಂದೊಂದಕ್ಕೂ ತಾರೀಖು, ಚೆಂಡು ಎಲ್ಲಿ ನಿಲ್ಲಬೇಕಿತ್ತು, ಎಲ್ಲಿ ನಿಂತಿತು, ಎಷ್ಟು ಸೆಂಟಿಮೀಟರು. ಕೊನೆಗೆ, ಇವರು ಬೇಕೆಂದೇ ಆಟ ಕೆಡಿಸುತ್ತಿದ್ದಾರೆ, ಇವರ ಜೊತೆ ಆಡಲು ನನಗೆ ಇಷ್ಟವಿಲ್ಲ.

ನಾಲ್ಕು ಸಲ ಓದಿದೆ. ಅಳತೆಯಲ್ಲಿ ಒಂದು ತಪ್ಪೂ ಇಲ್ಲ.

ಮಾರ್ಚ್ 17, ಸೋಮವಾರ

ಕೊಟ್ಟೆ.

ಮಾರ್ಚ್ 19, ಬುಧವಾರ

ಸೆಕ್ರೆಟರಿಯಿಂದ ಏನೂ ಸುದ್ದಿ ಇಲ್ಲ. ನಿದ್ದೆ ಸರಿಯಿಲ್ಲ. ಇವಳು ಯಾಕೆ ಅಂತ ಕೇಳಿದಳು, ಸೆಕೆ ಅಂದೆ.

ಸಂಜೆ ಕ್ಲಬ್ಬಿನಲ್ಲಿ ಮಾರ್ಕರು ನನ್ನ ಹಿಂದೆ ಬಂದು ನಿಂತ. ಸ್ವಲ್ಪ ಹೊತ್ತು ನೋಡಿ, ಹೇಳಲೋ ಬೇಡವೋ ಅಂತ ತಲೆ ಕೆರೆದುಕೊಂಡು ಕೊನೆಗೆ ಹೇಳಿದ. ಹೊಡೆದ ಮೇಲೂ ಗಲ್ಲ ಕೋಲಿನ ಮೇಲೇ ಇರಬೇಕಂತೆ. ಚೆಂಡು ಬಿದ್ದ ಸದ್ದು ಕೇಳುವ ತನಕ ತಲೆ ಎತ್ತಬಾರದಂತೆ. ದೂರದ ಹೊಡೆತದಲ್ಲಿ ಕೋಲು ಚೆಂಡಿಗೆ ತಾಗುವ ಮುಂಚೆಯೇ ತಲೆ ಎದ್ದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಕೋಲೂ ತಿರುಗುತ್ತದೆ. ಇಪ್ಪತ್ತೆರಡು ವರ್ಷ ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಹಿಡಿದು ನೋಡಿದವನಿಗೆ ಪಾಠ!

"ಒಬ್ಬರೇ ಇದ್ದಾಗ ನೀವು ತಲೆ ಎತ್ತಲ್ಲ ಸಾರ್," ಅಂದ. "ಜನ ಇದ್ದಾಗ ಎತ್ತುತ್ತೀರಿ. ಯಾರ ಮುಖ ನೋಡಬೇಕು ನಿಮಗೆ?"

ನಿನಗ್ಯಾಕೆ ಅಂದೆ. ಮುದುಕ ಮೇಜಿನ ಎರಡೂ ಪಕ್ಕ ಒಂದೊಂದು ಕುರ್ಚಿ ಇಟ್ಟು ನಡುವೆ ಅಡ್ಡಲಾಗಿ ಒಂದು ಟವೆಲು ಇಳಿಬಿಟ್ಟ. ಚೆಂಡು ಅದರ ಕೆಳಗೆ ನುಸುಳಿ ಹೋಗಬೇಕು. ಬಿತ್ತೋ ಇಲ್ಲವೋ ನನಗೆ ಕಾಣುವುದಿಲ್ಲ, ಕಿವಿಯಿಂದಲೇ ತಿಳಿಯಬೇಕು. ಇಪ್ಪತ್ತೈದರಲ್ಲಿ ಇಪ್ಪತ್ತೆರಡು ಸಲ ಪಾಕೆಟ್ಟಿನಲ್ಲಿ ಟಕ್ ಅಂದಿತು. ಆದರೂ ಈ ಮುದುಕನಿಗೆ ಇದ್ದಕ್ಕಿದ್ದಂತೆ ನನ್ನ ಮೇಲೆ ಯಾಕಿಷ್ಟು ಅಕ್ಕರೆ? ಭಾವ ಹೇಳಿಕೊಟ್ಟು ಕಳಿಸಿದ್ದಾರೋ ಏನೋ.

ಮಾರ್ಚ್ 22, ಶನಿವಾರ

ಭಾವ ಅಭ್ಯಾಸಕ್ಕೆ ಬಂದರು. ಕಾಗದದ ವಿಷಯ ಗೊತ್ತಿದೆಯೋ ಇಲ್ಲವೋ ಮುಖದಲ್ಲಿ ಪತ್ತೆಯೇ ಇಲ್ಲ. ಮಾಮೂಲಿನಂತೆ ನನ್ನ ಬೆನ್ನು ತಟ್ಟಿದರು. ನನಗೆ ಮೈಯೆಲ್ಲ ಮುಳ್ಳು.

ಹತ್ತು ತಪ್ಪಿದೆ. ಹತ್ತೂ ಎಡಕ್ಕೆ. ಟವೆಲು ಇರಲಿಲ್ಲ.

ಮಾರ್ಚ್ 24, ಸೋಮವಾರ

ಇದನ್ನು ಹೇಗೆ ಬರೆಯಲಿ.

ಬೆಳಿಗ್ಗೆ ಸಹಾಯಕಿ ಹಾರ್ಡ್‌ವೇರ್ ಅಂಗಡಿಯ ತಕ್ಕಡಿಯ ವರದಿ ಸಹಿಗೆ ತಂದಳು. ಅದರಲ್ಲಿ ಒಂದು ಕಾಲಮ್ಮು ಇದೆ, ದೋಷದ ದಿಕ್ಕು ಅಂತ. ಅವಳು ದುಂಡಗೆ ಬರೆದಿದ್ದಳು: ಎರಡೂ ಕಡೆ, ಅಲಗು ಸವೆದಿದೆ, ದುರುದ್ದೇಶವಿಲ್ಲ.

ಸಹಿ ಹಾಕಿದೆ. ಹುಡುಗಿ ಹೋದಳು. ಡ್ರಾಯರಿನಿಂದ ಬಟ್ಟುಗಳನ್ನು ಸರಿಸಿ ಈ ಪುಸ್ತಕ ತೆಗೆದೆ. ಯಾಕೆ ತೆಗೆದೆ ಅಂತ ಆಗ ನನಗೇ ಗೊತ್ತಿರಲಿಲ್ಲ. ಭಾವನ ಹದಿನೇಳನ್ನು ಒಂದು ಚೀಟಿಯ ಮೇಲೆ ಎರಡು ಸಾಲು ಮಾಡಿ ಬರೆದೆ. ಹಿಂದೆ ನಿಂತದ್ದು ಒಂಬತ್ತು, ಮುಂದೆ ಹೋದದ್ದು ಎಂಟು. ಬೇಕೆಂದೇ ಕೆಡಿಸುವವನು ಹೀಗೆ ಕೆಡಿಸುವುದಿಲ್ಲ. ಇದನ್ನು ನಾನು ಇಪ್ಪತ್ತೆರಡು ವರ್ಷದಿಂದ ಅಂಗಡಿ ಅಂಗಡಿಯಲ್ಲಿ ನಿಂತು ಹೇಳಿಕೊಂಡು ಬಂದಿದ್ದೇನೆ.

ಆಮೇಲೆ ನನ್ನವನ್ನು ಕೂಡಿಸಿದೆ. ಭಾವ ಎದುರಿಗಿದ್ದಾಗ ತಪ್ಪಿದ್ದು ಹದಿನಾರು, ಏಳು, ಎಂಟು, ಹತ್ತು. ನಲವತ್ತೊಂದು. ನಲವತ್ತೊಂದೂ ಎಡಕ್ಕೇ. ಇಲಾಖೆಯ ನಿಯಮದ ಪ್ರಕಾರ ಕೇಸು ಹಾಕಬೇಕಾದದ್ದು ನನ್ನ ಮೇಲೆ.

ಜೇಬಿನಲ್ಲಿ ಹುದುಗಿದ ಕೈ. ಮುಟ್ಟದ ಚಹಾ. ನಲವತ್ತು ದಿನ ಬಾರದ ಗಡಿಯಾರ. ಅಂಗಡಿಯಲ್ಲಿ ಬರೀ ಬ್ಯಾಟರಿ. ಡಾಕ್ಟರಮ್ಮ ಹಿಡಿದಿದ್ದ ಮುಂಗೈ. ಅವರ ಕೈ ನಡುಗುತ್ತಿದೆ. ಎಲ್ಲರಿಗೂ ಗೊತ್ತಿತ್ತು. ಎದುರಿಗೆ ನಿಂತು ಸೆಂಟಿಮೀಟರು ಲೆಕ್ಕದಲ್ಲಿ ಅಳೆದವನಿಗೆ ಮಾತ್ರ ಗೊತ್ತಾಗಲಿಲ್ಲ.

ಅರ್ಧ ದಿನ ರಜೆ ಹಾಕಿ ಸೆಕ್ರೆಟರಿಯ ಮನೆಗೆ ಓಡಿದೆ. ಕಾಗದ ವಾಪಸ್ಸು ಕೊಡಿ ಅಂದೆ. ಅದು ತಮ್ಮ ಹತ್ತಿರ ಇಲ್ಲ ಅಂದರು. ಯಾರ ಮೇಲೆ ದೂರು ಬಂದಿದೆಯೋ ಅವರಿಗೆ ತೋರಿಸಬೇಕು ಅನ್ನೋದು ಕ್ಲಬ್ಬಿನ ನಿಯಮ. ಹೋದ ಮಂಗಳವಾರವೇ ಭಾವನ ಕೈಗೆ ಕೊಟ್ಟಿದ್ದಾರೆ. ಓದಿ, ಇದನ್ನು ನಾನೇ ಇಟ್ಟುಕೊಳ್ಳಲಾ ಅಂತ ಕೇಳಿ ಒಯ್ದರಂತೆ.

ಮಂಗಳವಾರ ಓದಿದ್ದಾರೆ. ಶನಿವಾರ ಬಂದು ನನ್ನ ಬೆನ್ನು ತಟ್ಟಿದ್ದಾರೆ.

ಮಾರ್ಚ್ 25, ಮಂಗಳವಾರ

ಅಂಗಡಿಗೆ ಹೋದೆ. ಎದುರಿನ ಬೀದಿದೀಪದ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ. ಅಕ್ಕ ನೋಡಿ ಒಳಗಿನಿಂದಲೇ ಕೈ ಬೀಸಿ ಕರೆದಳು. ಒಳಗೆ ಹೋದ ಮೇಲೆ ಏನೋ ತರುವ ನೆಪ ಮಾಡಿ ಅವಳು ಹೊರಟುಹೋದಳು.

ಭಾವ ತಮ್ಮ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಮುಂದಿನ ಮೇಜು ಖಾಲಿ. ಆ ಮೇಜು ಖಾಲಿ ಇದ್ದದ್ದನ್ನು ನಾನು ಯಾವತ್ತೂ ಕಂಡಿಲ್ಲ. ಅವರು ನನಗೆ ಕೂರಲು ಹೇಳಿ, ಖಾನೆಯಿಂದ ಒಂದು ಆಸ್ಪತ್ರೆಯ ಫೈಲು ತೆಗೆದರು. ಫೈಲಿನ ಮೊದಲ ಹಾಳೆಯೇ ನನ್ನ ಕಾಗದ. ನನ್ನ ಅಕ್ಷರದ ಸುತ್ತ ಯಾರೋ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದರು.

"ಯಾವತ್ತಿಂದ ಶುರುವಾಯ್ತು, ಎಷ್ಟು ಜಾಸ್ತಿಯಾಗ್ತಿದೆ ಅಂತ ನರದ ಡಾಕ್ಟರು ಕೇಳಿದ್ರು," ಅಂದರು ಭಾವ. "ನನಗೇನು ಗೊತ್ತು? ಇದನ್ನ ಕೊಟ್ಟೆ. ಇಷ್ಟು ನೀಟಾಗಿ ಯಾರೂ ಬರ್ಕೊಂಡು ಬಂದಿಲ್ಲ ಅಂದ್ರು."

ತಪ್ಪಾಯಿತು ಅಂದೆ. ಎಷ್ಟು ಸಲ ಅಂದೆನೋ.

"ಅಳತೆ ಎಲ್ಲಾ ಸರಿ ಇದೆ ಕಣೋ," ಅಂದರು. "ಕಾರಣ ಒಂದೇ ತಪ್ಪು."

ಅತ್ತುಬಿಟ್ಟೆ. ನಲವತ್ತೆಂಟು ವರ್ಷದ ಗಂಡಸು, ಹಗಲು ಹೊತ್ತಿನಲ್ಲಿ, ಗಾಜಿನ ಬಾಗಿಲಿನ ಅಂಗಡಿಯಲ್ಲಿ. ಭಾವ ನನ್ನನ್ನು ನೋಡದೆ ರಸ್ತೆ ನೋಡುತ್ತಾ ಕೂತರು. ಅಳು ನಿಂತ ಮೇಲೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ದೋಷ ಕಂಡರೆ ಬೀಗ ಹಾಕುವವನಲ್ಲವಾ ನೀನು ಅಂದರು. ಹೇಳಿದ್ದರೆ ಅವತ್ತೇ ಆಟ ಬಿಡಿಸಿ ಮನೆಯಲ್ಲಿ ಕೂರಿಸುತ್ತಿದ್ದೆನಂತೆ. ಅಂಗಡಿ ಹೇಗೂ ಹೋಯಿತು, ಶನಿವಾರವಾದರೂ ಇರಲಿ ಅಂದುಕೊಂಡರಂತೆ. ನಿಜ. ಹಾಗೆಯೇ ಮಾಡುತ್ತಿದ್ದೆ.

ಡಾಕ್ಟರಮ್ಮನನ್ನು ಅವರು ಕೇಳಿದ್ದು ನನ್ನ ಜೋಡಿಯಾಗಿ ಆಡಲು. ತಾವು ಬಿಟ್ಟರೆ ನಾನು ಒಂಟಿಯಾಗಬಾರದು ಅಂತ. ಆಕೆ ಅದಕ್ಕೆ ಒಪ್ಪದೆ, ಮೊದಲು ಕೈ ತೋರಿಸಿ ಅಂದು ಮುಂಗೈ ಹಿಡಿದುಕೊಂಡರಂತೆ. ಬೇಗ ನಿರ್ಧಾರ ಮಾಡಿ ಅಂದದ್ದು ನರದ ಡಾಕ್ಟರ ಹತ್ತಿರ ಹೋಗುವುದಕ್ಕೆ.

ಕೊನೆಗೆ ಒಂದು ಚಿಕ್ಕ ತಗಡಿನ ಡಬ್ಬಿ ನನ್ನ ಕಡೆ ತಳ್ಳಿದರು. ಒಳಗೆ ಹತ್ತಿಯ ಮೇಲೆ ಅಪ್ಪನ ಗಡಿಯಾರ, ಬಿಡಿಬಿಡಿಯಾಗಿ. ಚಕ್ರ ಬೇರೆ, ತಿರುಪು ಬೇರೆ, ಮುಳ್ಳು ಬೇರೆ.

"ಬಿಚ್ಚಿದೆ," ಅಂದರು. "ಸೇರಿಸೋಕೆ ಆಗ್ಲಿಲ್ಲ."

ಡಬ್ಬಿ ಮುಚ್ಚುವಾಗ ಅವರ ಬೆರಳು ಮುಚ್ಚಳಕ್ಕೆ ತಾಗಿ ಟರಟರ ಸದ್ದಾಯಿತು. ಇಬ್ಬರೂ ಕೇಳಿಸಿಕೊಂಡೆವು.

ಮಾರ್ಚ್ 26, ಬುಧವಾರ

ಪಂದ್ಯದಿಂದ ಹಿಂದೆ ಸರಿಯುತ್ತೇನೆ ಅಂತ ಭಾವ ಫೋನು ಮಾಡಿದರು. ಬಿಳಿ ಚೆಂಡನ್ನು ಹತ್ತಿರಕ್ಕೆ ತಂದು ನಿಲ್ಲಿಸುವುದು ಇನ್ನು ತಮ್ಮ ಕೈಯಲ್ಲಿ ಆಗುವ ಕೆಲಸವಲ್ಲ, ನಿನಗೆ ಬರೀ ಉದ್ದನೆಯ ಹೊಡೆತಗಳೇ ಉಳಿಯುತ್ತವೆ ಅಂದರು. ಉಳಿಯಲಿ ಅಂದೆ. ಮೊದಲಿನ ಹಾಗೆ ಬೈದರು. ಎಷ್ಟು ದಿನವಾಗಿತ್ತು ಆ ಬೈಗುಳ ಕೇಳಿ! ಬೈದು ಮುಗಿಸಿ, ಆಡೋಣ ಅಂದರು.

ಸಂಜೆ ಮಾರ್ಕರನ್ನು ಕರೆದು ಟವೆಲು ಕಟ್ಟು ಅಂದೆ. ಬೇಕೆಂದು ಕೇಳಿದ್ದು ಇದೇ ಮೊದಲು. ಮುದುಕ ಹಲ್ಲು ಕಿರಿದ. ಕಿರಿಯಲಿ.

ಮಾರ್ಚ್ 29, ಶನಿವಾರ

ಭಾವನ ಏಳು ಹೊಡೆತ. ಹಿಂದೆ: ಇಪ್ಪತ್ತು, ಐವತ್ತೈದು, ನಲವತ್ತು. ಮುಂದೆ: ಮೂವತ್ತು, ಎಪ್ಪತ್ತು, ಹದಿನೈದು, ಅರವತ್ತು. ಮಾತ್ರೆ ಶುರುವಾಗಿ ಮೂರನೇ ದಿನ. ಡಾಕ್ಟರಿಗೆ ತೋರಿಸಲು ಬೇರೆ ಹಾಳೆಯಲ್ಲಿ ನಕಲು ಮಾಡಿದೆ. ಬರೆಯುವುದು ನಿಲ್ಲಿಸಬೇಡ ಅಂತ ಭಾವನ ಅಪ್ಪಣೆ.

ನಾನು: ಇಪ್ಪತ್ತೈದಕ್ಕೆ ಹದಿನೇಳು. ಐದು ಎಡಕ್ಕೆ, ಮೂರು ಬಲಕ್ಕೆ.

ಭಾವ ಅರ್ಧ ಲೋಟ ಚಹಾ ಕುಡಿದರು. ಪೂರ್ತಿ ತುಂಬಿಸಿದರೆ ತುಳುಕುತ್ತದೆ ಅಂತ ಅವರೇ ಹೇಳಿದರು.

ಏಪ್ರಿಲ್ 2, ಬುಧವಾರ

ಇಪ್ಪತ್ತೈದಕ್ಕೆ ಇಪ್ಪತ್ತೊಂದು. ಟವೆಲು ಇಲ್ಲದೆ. ಎರಡು ಎಡ, ಎರಡು ಬಲ.

ಭಾವ ಬಂದಿದ್ದರು. ಎಲ್ಲಿ ಕೂತಿದ್ದರೋ ನೋಡಲಿಲ್ಲ.

ಇವಳು ಮನೆಯಲ್ಲಿ ಫೋನಿನಲ್ಲಿದ್ದಳು. ನಾನು ಒಳಗೆ ಬಂದರೂ ಮಾತು ನಿಲ್ಲಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಂದು, ಯಾರು ಅಂತ ಕೇಳಲ್ವಾ ಅಂದಳು. ಯಾರು ಅಂದೆ. "ಥೂ, ಹೋಗ್ರಿ," ಅಂದು ಇನ್ನೊಂದು ಸೌಟು ಬಡಿಸಿದಳು.

ಏಪ್ರಿಲ್ 6, ಭಾನುವಾರ

ಆ ಕ್ಲಬ್ಬಿನವರು ಕೋಲಿನ ತುದಿಗೆ ಹಚ್ಚಲು ತಮ್ಮದೇ ಚಾಕ್ ತಂದಿದ್ದರು. ಕ್ಲಬ್ಬಿನಲ್ಲಿ ಇರುವಾಗ ಸ್ವಂತ ಚಾಕ್ ಯಾಕೆ ಬೇಕಿತ್ತು? ಇರಲಿ. ಅದನ್ನು ಆಮೇಲೆ ನೋಡಿಕೊಳ್ಳೋಣ.

ಎರಡು ಆಟ ಅವರು, ಎರಡು ನಾವು. ಐದನೆಯದರಲ್ಲಿ ಅವರಿಗೆ ಕಪ್ಪು ಚೆಂಡೊಂದೇ ಬಾಕಿ. ನಮಗೆ ಒಂದು ಬಣ್ಣದ್ದು, ಆಮೇಲೆ ಕಪ್ಪು. ಕಪ್ಪು ಹಾಕಿದವರು ಗೆದ್ದ ಹಾಗೆ. ತಪ್ಪಿದರೆ ಅವರದ್ದು. ಹೊಡೆತ ಭಾವನದು. ಅವರು ಬಗ್ಗಿದಾಗ ಕೋಲಿನ ತುದಿ ನಡುಗುತ್ತಿದ್ದದ್ದು ಇಡೀ ಹಾಲಿಗೆ ಕಾಣಿಸಿರಬೇಕು. ಬಣ್ಣದ ಚೆಂಡು ಪಾಕೆಟ್ಟಿನ ತುಟಿಗೆ ತಾಗಿ, ಯೋಚನೆ ಮಾಡಿ, ಬಿತ್ತು. ಬಿಳಿ ಚೆಂಡು ಮಾತ್ರ ನಿಲ್ಲಬೇಕಾದಲ್ಲಿ ನಿಲ್ಲದೆ ಹಿಂದಕ್ಕೆ ಉರುಳಿ ಉರುಳಿ ಈ ತುದಿಗೆ ಬಂತು. ಕಪ್ಪು ನಡುವೆ. ಪಾಕೆಟ್ಟು ಆ ತುದಿಯಲ್ಲಿ. ಮೂರೂ ದಾರ ಎಳೆದ ಹಾಗೆ.

ಭಾವ ನನ್ನ ಹತ್ತಿರ ಬಂದು, ಇದೇ ಆಗಿದ್ದು ನೋಡು ಅಂತ ಪಿಸುಗುಟ್ಟಿದರು. ನಿಮ್ಮ ಕೆಲಸ ಮುಗೀತು, ಕೂತ್ಕೊಳ್ಳಿ ಅಂದೆ.

ಬಗ್ಗಿದೆ. ಗಲ್ಲವನ್ನು ಕೋಲಿಗಿಟ್ಟೆ. ಹೊಡೆದೆ. ಹೊಡೆದು ಹಾಗೇ ಇದ್ದೆ. ಕಣ್ಣ ಮುಂದೆ ಹಸಿರು ಬಟ್ಟೆ ಮಾತ್ರ, ಅದರ ಮೇಲೆ ಬಿಳಿ ಚೆಂಡು ಇದ್ದ ಜಾಗದ ಚಿಕ್ಕ ಗುರುತು. ಟಕ್ ಅಂತ ಒಂದು ಸದ್ದು. ಆಮೇಲೆ ತುಂಬಾ ಗದ್ದಲ. ಬೆನ್ನ ಮೇಲೆ ಒಂದು ಕೈ ಬಂತು. ನಡುಗುತ್ತಿತ್ತು. ಅಂಗಿಯ ಮೇಲಿಂದಲೇ ಒಂದೊಂದು ನಡುಕವೂ ಲೆಕ್ಕಕ್ಕೆ ಸಿಗುವ ಹಾಗಿತ್ತು. ಲೆಕ್ಕ ಹಾಕಲಿಲ್ಲ. ಅಲ್ಲೇ ಇರಲಿ ಅಂತ ಇನ್ನಷ್ಟು ಹೊತ್ತು ಬಗ್ಗಿಯೇ ಇದ್ದೆ.

"ಏಳೋ," ಅಂದರು ಭಾವ. "ಬಿತ್ತು."

ಡಾಕ್ಟರಿಗೆ, ಇವತ್ತಿನದು: ಕೊನೆಯ ಹೊಡೆತ, ಬಿಳಿ ಚೆಂಡು ಒಂದು ಮೀಟರು ಹತ್ತು ಸೆಂಟಿಮೀಟರು ಹಿಂದೆ. ನನ್ನ ಹೊಡೆತ: ಬಿತ್ತಂತೆ. ನಾನು ನೋಡಿಲ್ಲ, ಭಾವ ಹೇಳಿದ್ದು.